ಗೋಪುರದ ಬುಡದಲ್ಲಿ

ಮಂಡಿಪಟ್ಟಿ ಹಾಕಿಕೊಳ್ಳಬೇಕೋ ಬೇಡವೋ ಎಂದು ಅವನು ಮಂಚದ ಅಂಚಿನಲ್ಲಿ ಕೂತು ಯೋಚಿಸುತ್ತಿದ್ದ. ಕಾಲಿಗೆ ಹೊಸ ಶೂ ಆಗಲೇ ಏರಿತ್ತು. ಎಷ್ಟೇ ನುಣುಪಾದ ಕಲ್ಲಿನ ಮೇಲೂ ಜಾರುವುದಿಲ್ಲವೆಂದು ಅಂಗಡಿಯವನು ಆಣೆ ಮಾಡಿ ಕೊಟ್ಟದ್ದು. ಕಂದು ಬಣ್ಣದ ಎಲಾಸ್ಟಿಕ್ ಪಟ್ಟಿ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಅವನ ಮಂಡಿಗೆ ಏನೂ ಆಗಿರಲಿಲ್ಲ, ಎಂದೂ ಏನೂ ಆದದ್ದಿಲ್ಲ. ಆದರೆ ವಾಸ್ತುಶಿಲ್ಪದ ಕಾಲೇಜಿನಲ್ಲಿ ಮೇಷ್ಟರಾಗಿ ಸೇರಿದಂದಿನಿಂದ, ವಿದ್ಯಾರ್ಥಿಗಳನ್ನು ಯಾವುದಾದರೂ ಗೋಪುರ ನೋಡಲು ಕರೆದೊಯ್ಯುವ ದಿನ ಬಂತೆಂದರೆ ಈ ಪಟ್ಟಿ ಡ್ರಾಯರಿನಿಂದ ಹೊರಬಿದ್ದು ಅವನ ಬಲಮಂಡಿಯ ಮೇಲೆ ಕೂರುತ್ತಿತ್ತು, ಅದೂ ಪ್ಯಾಂಟಿನ ಮೇಲೆ. ಒಳಗೆ ಹಾಕಿಕೊಂಡರೆ ಅದು ಮಾಡಬೇಕಾದ ಕೆಲಸವೇ ಆಗುವುದಿಲ್ಲ. "ನೀವು ಹತ್ತಿ ಬನ್ರಪ್ಪ, ನನ್ನ ಮಂಡಿ ಮಾತು ಕೇಳಲ್ಲ, ಬ್ಯಾಗುಗಳನ್ನ ನಾನು ನೋಡ್ಕೋತೀನಿ" ಎಂದು ಬುಡದ ಕಟ್ಟೆಯ ಮೇಲೆ ಕೂತುಬಿಟ್ಟರೆ ಆ ವರ್ಷದ ಗಂಡಾಂತರ ಕಳೆದಂತೆ. ಒಂದು ಸಲ ಅವಸರದಲ್ಲಿ ಪಟ್ಟಿಯನ್ನು ಎಡಮಂಡಿಗೆ ಏರಿಸಿಕೊಂಡು, ದಿನವಿಡೀ ಬಲಗಾಲನ್ನು ಕುಂಟಿದ್ದ. ಯಾರೂ ಅದನ್ನು ಗಮನಿಸಲಿಲ್ಲವೆಂದು ಇವತ್ತಿಗೂ ನಂಬಿಕೊಂಡಿದ್ದಾನೆ. ಇವತ್ತು ಪಟ್ಟಿ ಬೇಡ. ಇವತ್ತಿನ ಗುಂಪಿನಲ್ಲಿ ಮಗಳಿರುತ್ತಾಳೆ. ಅವನು ಅದನ್ನು ಕಾಲುಚೀಲಗಳ ಕೆಳಗೆ ತುರುಕಿ ಡ್ರಾಯರು ಮುಚ್ಚಿದ.

"ಏನ್ರೀ, ಹೊಸ ಶೂ?" ಹೆಂಡತಿ ಗೋಡೆ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯಾರಿಗೆ ತೋರಿಸೋಕೆ?"

"ಹಳೇದು ಸವೆದುಹೋಗಿತ್ತು."

"ಮಂಡಿಗೆ ಮುಲಾಮು ಹಚ್ಕೊಂಡ್ರಾ?"

"ಮಂಡಿ ಈಗ ಪರವಾಗಿಲ್ಲ."

"ಯಾವಾಗಿಂದ?" ಎಂದವಳು ಉತ್ತರಕ್ಕೆ ಕಾಯಲಿಲ್ಲ. "ಪರವಾಗಿಲ್ಲ ಅಂದ್ರೆ, ಎದುರಿನ ಕಟ್ಟಡದಲ್ಲಿ ಮೇಲಿನ ಮಹಡಿ ಮನೆ ಖಾಲಿ ಆಗ್ತಿದೆಯಂತೆ. ಒಂದ್ಸಲ ನೋಡ್ಕೊಂಡಾದ್ರೂ ಬರೋಣ್ವಾ? ಎರಡು ಕಡೆಯಿಂದ ಬಿಸಿಲು ಬರುತ್ತಂತೆ."

ನೋಡೋಣ ಎಂದ. ಆ ಮಾತಿಗೆ ಈ ಮನೆಯಲ್ಲಿ ಇಲ್ಲ ಎಂಬ ಅರ್ಥ ಬಂದು ಬಹಳ ಕಾಲವಾಗಿತ್ತು. ಅವಳು ಮತ್ತೆ ಗೋಡೆಗೆ ತಿರುಗಿದಳು. ನೆಲಮಟ್ಟದ ಈ ಮನೆಯಲ್ಲಿ ಗೋಡೆಯ ಬುಡದಿಂದ ತೇವ ಏರಿ ಸೊಂಟದ ಎತ್ತರಕ್ಕೆ ಬೂಸಲು ಹಿಡಿಯುತ್ತಿತ್ತು. ಅವಳು ವಾರಕ್ಕೊಮ್ಮೆ ಒರೆಸುವಳು, ಅದು ವಾರದೊಳಗೆ ಮತ್ತೆ ಹಾಜರು. ಬೂಸಲಿನ ವಾಸನೆಗೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮುತ್ತಲೇ ಅವನ ಮಂಡಿಗೆ ಮುಲಾಮು ತಿಕ್ಕುತ್ತಿದ್ದಳು. ಏನೂ ಆಗದ ಮಂಡಿಗೆ. ಎಷ್ಟೋ ರಾತ್ರಿ ಅವಳ ಹೆಬ್ಬೆರಳು ಚಿಪ್ಪಿನ ಸುತ್ತ ತಿರುಗುವಾಗ, ಎಲ್ಲಿ ನೋವು ಎಂದು ಕೇಳಿದಾಗ, ಅಲ್ಲೇ, ಸ್ವಲ್ಪ ಕೆಳಗೆ ಎಂದು ಸುಳ್ಳು ಜಾಗ ತೋರಿಸಿದ್ದಾನೆ. ನಾನು ಎತ್ತರಕ್ಕೆ ಹೆದರುತ್ತೇನೆ ಕಣೇ ಎಂದು ಮದುವೆಯಾದ ಹೊಸತರಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆಗ ಹೇಳಲಿಲ್ಲ. ಈಗ ಹೇಳಿದರೆ ಭಯವೊಂದನ್ನೇ ಹೇಳಿದಂತಾಗುವುದಿಲ್ಲ, ಗೋಡೆಯ ಬೂಸಲು, ಅವಳ ಕೆಮ್ಮು, ಬಿಸಿಲಿಲ್ಲದ ಇಷ್ಟು ವರ್ಷ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ತನ್ನ ಮೇಲೇ ರೇಗಿಹೋಯಿತು. ಆ ಸಿಟ್ಟಿಗೆ ಶೂವಿನ ದಾರವನ್ನು ಎಷ್ಟು ಬಿಗಿಯಾಗಿ ಎಳೆದನೆಂದರೆ ಪಾದ ಮರಗಟ್ಟಿತು.

ಮಗಳು ತಿಂಡಿಯ ಮೇಜಿನಲ್ಲಿ ಬ್ರೆಡ್ಡು ಕಚ್ಚುತ್ತ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಅವಳು ಅವನ ಕಾಲೇಜಿಗೇ ಸೇರಿದ ದಿನ ಇಬ್ಬರೂ ಒಂದು ಕರಾರು ಮಾಡಿಕೊಂಡಿದ್ದರು: ಗೇಟಿನ ಒಳಗೆ ಅವಳು ಅಪ್ಪ ಎನ್ನುವಂತಿಲ್ಲ, ಸರ್ ಎನ್ನಬೇಕು, ಅವನೂ ಅವಳನ್ನು ಪುಟ್ಟಿ ಎಂದು ಕರೆಯುವಂತಿಲ್ಲ. ಕರಾರನ್ನು ಅವಳು ಎಷ್ಟು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದಳೆಂದರೆ ಒಮ್ಮೊಮ್ಮೆ ಮನೆಯಲ್ಲೂ ಅವಳ ಬಾಯಿಂದ ಸರ್ ಎಂದು ಬಂದುಬಿಡುತ್ತಿತ್ತು. ಕೆಲವು ದಿನಗಳ ಹಿಂದೆ ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಳು. ಅಡುಗೆಮನೆಯ ಕಿಟಕಿ ತೆರೆದಿತ್ತು. "ಬ್ಯಾಗ್ ಮೇಷ್ಟ್ರು ಇದಾರಲ್ಲ, ನಮ್ಮ ಬ್ಯಾಗಿಗೇನು ಭಯ" ಎಂದಿದ್ದಳು. ನೀರು ಕುಡಿಯಲು ಬಂದವನು ಲೋಟ ಹಿಡಿದು ನಿಂತಲ್ಲೇ ನಿಂತ. ತನಗೊಂದು ಅಡ್ಡಹೆಸರಿದೆ ಎಂಬುದು ಹೊಸ ಸುದ್ದಿಯೇನಲ್ಲ, ಯಾವ ಮೇಷ್ಟರಿಗಿಲ್ಲ? ಅದು ಮಗಳ ಬಾಯಲ್ಲಿ ಅಷ್ಟು ಸಲೀಸಾಗಿ ಹೊರಳಿತಲ್ಲ, ಅದು ಚುಚ್ಚಿತು. ಅಂದೇ ಸಂಜೆ ಹೋಗಿ ಶೂ ಕೊಂಡಿದ್ದ.

"ಪಟ್ಟಿ ಹಾಕ್ಕೊಂಡಿಲ್ವಾ ಅಪ್ಪ?" ಮಗಳು ಪೆನ್ಸಿಲಿನಿಂದ ಕಣ್ಣೆತ್ತದೆ ಕೇಳಿದಳು.

"ನಿಮ್ಮಮ್ಮಂಗೂ ಅದೇ, ನಿಂಗೂ ಅದೇ. ಬೇರೆ ಮಾತೇ ಇಲ್ವಾ ಈ ಮನೇಲಿ?"

ಅವಳು ಸುಮ್ಮನೆ ಎದ್ದು ಒಳಗೆ ಹೋಗಿ ಏನನ್ನೋ ಹುಡುಕಿ ಜಾಕೆಟ್ಟು ಹಾಕಿಕೊಂಡು ಬಂದಳು. ಅಂಥ ಚಳಿಯೇನೂ ಇರಲಿಲ್ಲ.

ಗೋಪುರಕ್ಕೆ ಹೋಗುವ ಮುಂಚೆ ಕಾಲೇಜಿನಲ್ಲಿ ಒಂದು ಗಂಟೆಯ ಪಾಠವಿತ್ತು. ಪ್ರೊಜೆಕ್ಟರು ಎಂದಿನಂತೆ ಮುನಿಸಿಕೊಂಡಿತು. ಮೊದಲ ಚಿತ್ರ ತಲೆಕೆಳಗಾಗಿ ಬಂದು, ಯಾವುದೋ ದೇಶದ ಗಂಟೆ ಗೋಪುರ ಆಕಾಶದಿಂದ ಜೋತಾಡತೊಡಗಿತು. ಹುಡುಗರು ನಕ್ಕರು. ಅವನು ಚಿತ್ರವನ್ನೇ ಆರಿಸಿ ಬಾಯಿಮಾತಿನಲ್ಲಿ ಶುರುಮಾಡಿದ. ಗೋಪುರ ಅಂದರೇನು, ಯಾರಿಗೆ ಬೇಕಿತ್ತು, ಯಾಕೆ ಬೇಕಿತ್ತು. ಶತ್ರು ಬರುವುದನ್ನು ಮೊದಲೇ ಕಾಣಲು ಕಟ್ಟಿದವರಿದ್ದಾರೆ. ಊರನ್ನು ಪ್ರಾರ್ಥನೆಗೆ ಕರೆಯಲು ಕಟ್ಟಿದವರಿದ್ದಾರೆ, ಒಬ್ಬರು ಗಂಟೆ ಬಾರಿಸಿ, ಒಬ್ಬರು ಕೂಗಿ. ದೇವರ ಮನೆಯ ಬಾಗಿಲು ಇಲ್ಲಿದೆ ಎಂದು ದೂರದ ಹೊಲದಲ್ಲಿರುವವನಿಗೂ ಗೊತ್ತಾಗಲೆಂದು ಕಟ್ಟಿದವರಿದ್ದಾರೆ. ಸತ್ತ ಮಹಾತ್ಮನ ಮೂಳೆಯ ಚೂರಿನ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಕಡೆ, ಒಳಗೆ ಹತ್ತಲು ಮೆಟ್ಟಿಲೇ ಇಲ್ಲದ್ದೂ ಉಂಟು. ಒಂದು ಊರಿನಲ್ಲಿ ಸಿರಿವಂತ ಮನೆತನಗಳು ಜಿದ್ದಿಗೆ ಬಿದ್ದು, ನೀನು ಇಷ್ಟೆತ್ತರವೋ ನಾನು ಅಷ್ಟೆತ್ತರ ಎಂದು ಕಟ್ಟುತ್ತ ಹೋಗಿ ಇಡೀ ಊರೇ ಗೋಪುರಗಳ ತೋಪಾಯಿತು. ಇನ್ನೊಂದು ಕಡೆ ಪಾರಿವಾಳಗಳಿಗೆಂದು ಕಟ್ಟಿದರು, ಹಿಕ್ಕೆ ಹೊಲಕ್ಕೆ ಗೊಬ್ಬರವಾಗಲೆಂದು. ಸೆಕೆಯ ನಾಡಿನಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸಲು ಕಟ್ಟಿದರು. ಬೆಂಕಿ ಆರಿಸುವವರು ಒದ್ದೆ ಪೈಪುಗಳನ್ನು ಉದ್ದಕ್ಕೆ ನೇತುಹಾಕಿ ಒಣಗಿಸಲೂ ಕಟ್ಟಿಕೊಂಡರು. ಇಷ್ಟನ್ನು ಹೇಳುವಾಗ ಅವನ ದನಿಗೆ ಕಳೆ ಬರುತ್ತಿತ್ತು. ಮಾತಿನಲ್ಲಿ ಅವನು ಹತ್ತದ ಗೋಪುರವಿರಲಿಲ್ಲ.

ಆಮೇಲೆ ಅವನ ಸಿದ್ಧಾಂತ. ಗೋಪುರ ಇರುವುದು ಹತ್ತುವವನಿಗಲ್ಲ, ಕೆಳಗೆ ನಿಂತು ನೋಡುವವನಿಗೆ. ಮೇಲೆ ಹೋದವನಿಗೆ ಊರು ಕಾಣುತ್ತದೆ, ಗೋಪುರವೊಂದು ಬಿಟ್ಟು. ಇದನ್ನೇ ಒಂದು ದೊಡ್ಡ ಪ್ರಬಂಧವಾಗಿ ಬರೆದಿದ್ದ. ಸಭೆಯೊಂದರಲ್ಲಿ ಅದನ್ನು ಓದಿದಾಗ ಹೆಸರಾಂತ ಮುದುಕರೊಬ್ಬರು ವೇದಿಕೆಯವರೆಗೆ ನಡೆದುಬಂದು, ಇಷ್ಟು ಸರಳವಾದ ಮಾತು ನಮಗೆ ಯಾಕೆ ಹೊಳೆಯಲಿಲ್ಲವಯ್ಯ ಎಂದು ಕೈ ಕುಲುಕಿದ್ದರು. ಯಾಕೆ ಹೊಳೆಯಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವರೆಲ್ಲ ಹತ್ತಿದ್ದರು. ಅವನು ಬ್ಯಾಗುಗಳ ನಡುವೆ ಕತ್ತೆತ್ತಿ ಕೂತು ಕಂಡುಕೊಂಡದ್ದು ಅದು. ಅವನನ್ನು ವರ್ಷಗಟ್ಟಲೆ ಕೊರೆದದ್ದು ಆ ಮಾತು ಸುಳ್ಳೆಂಬ ಅನುಮಾನವಲ್ಲ. ಅದು ನಿಜವಿರಬಹುದೆಂಬ ಅನುಮಾನ. ಹೇಡಿತನದಿಂದ ಹುಟ್ಟಿದ ಮಾತು ನಿಜವಾಗಿಬಿಟ್ಟರೆ ಅದನ್ನು ಎಲ್ಲಿಟ್ಟುಕೊಳ್ಳುವುದು? ಹೆಮ್ಮೆ ಪಡೋಣವೆಂದರೆ ನಾಚಿಕೆ ಅಡ್ಡಬರುತ್ತದೆ. ನಾಚಿಕೊಂಡು ಬಿಟ್ಟುಬಿಡೋಣವೆಂದರೆ ಮಾತು ಸರಿಯಾಗಿಯೇ ಇದೆಯಲ್ಲ.

"ಸರ್, ಒಂದು ಡೌಟು." ಎಲ್ಲರೂ ಕೊಕ್ಕರೆ ಎಂದು ಕರೆಯುವ ಉದ್ದನೆಯ ಹುಡುಗ ಹಿಂದಿನ ಬೆಂಚಿನಿಂದ ಎದ್ದ. "ಕೆಳಗಿನಿಂದ ಹೇಗೆ ಕಾಣುತ್ತೆ ಅಂತ ನಿಮ್ಮ ಪ್ರಬಂಧದಲ್ಲಿ ತುಂಬ ಚೆನ್ನಾಗಿದೆ. ಮೇಲಿಂದ ಹೇಗಿರುತ್ತೆ ಅಂತ ಒಂದು ಸಾಲೂ ಇಲ್ಲ. ಹೋಲಿಸಿ ನೋಡ್ಬೇಕಲ್ವಾ ಸರ್?"

ಹುಡುಗನ ಮುಖದಲ್ಲಿ ಕೊಂಕಿರಲಿಲ್ಲ. ಅದಿದ್ದಿದ್ದರೆ ಗದರಿಸಿ ಕೂರಿಸಬಹುದಿತ್ತು. ಅವನ ಕಿವಿ ಬಿಸಿಯಾಯಿತು. "ಇವತ್ತು ನಾನೇ ಮೊದಲು ಹತ್ತೋದು," ಎಂದುಬಿಟ್ಟ. "ನನ್ನ ಹಿಂದೆ ಎಲ್ಲರೂ ಬರ್ಬೇಕು. ಒಬ್ಬರೂ ಕೆಳಗೆ ಉಳಿಯೋ ಹಾಗಿಲ್ಲ." ಮೂರನೇ ಸಾಲಿನಲ್ಲಿ ಮಗಳು ತಲೆಯೆತ್ತಿ ಅವನನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಜಾಕೆಟ್ಟಿನ ಜೇಬಿನೊಳಗೆ ಕೈಯಿಟ್ಟುಕೊಂಡಳು.

ಗೋಪುರ ಇದ್ದದ್ದು ಊರಾಚೆ, ಪಾಳುಬಿದ್ದ ಗೋದಾಮುಗಳ ಅಂಗಳದಲ್ಲಿ. ಬುಡದಿಂದ ತುದಿಯವರೆಗೆ ಒಂದೇ ದಪ್ಪದ, ಇಟ್ಟಿಗೆಯ, ಯಾವ ಅಲಂಕಾರವೂ ಇಲ್ಲದ ಕಟ್ಟಡ. ಯಾರು ಯಾತಕ್ಕೆ ಕಟ್ಟಿಸಿದರೆಂಬುದು ಯಾರಿಗೂ ಗೊತ್ತಿರಲಿಲ್ಲ. ಕಾವಲಿಗೆಂದು ಒಬ್ಬರು, ಗಂಟೆಗೆಂದು ಒಬ್ಬರು, ದುಡ್ಡು ಹೆಚ್ಚಾದವನ ಹುಚ್ಚೆಂದು ಮತ್ತೊಬ್ಬರು. ನಗರಸಭೆಯವರು ತಲೆ ಕೆಡಿಸಿಕೊಳ್ಳದೆ ಹಳೆಯ ಗೋಪುರ ಎಂದಷ್ಟೇ ಬೋರ್ಡು ಹಾಕಿದ್ದರು. ಅದು ಒಂದು ಕಡೆಗೆ ವಾಲಿದೆಯೇ, ವಾಲಿದ್ದರೆ ಎಷ್ಟು ಎಂದು ಅಳೆಯುವುದು ಅಂದಿನ ಕೆಲಸ. ಅಳೆಯುವ ಕ್ರಮ ಹಳೆಯದು, ಸುಲಭದ್ದು. ತುದಿಯಿಂದ ಮರದ ಪಟ್ಟಿಯೊಂದನ್ನು ಗೊತ್ತಾದ ಉದ್ದಕ್ಕೆ ಹೊರಚಾಚಿ, ಅದರ ಕೊನೆಯಿಂದ ಹಿತ್ತಾಳೆಯ ತೂಕದ ಗುಂಡನ್ನು ದಾರದಲ್ಲಿ ನೆಲದವರೆಗೆ ಇಳಿಬಿಡಬೇಕು. ಗಾಳಿಗೆ ಗುಂಡು ತೂಗಾಡದಂತೆ ಕೆಳಗೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಬೇಕು. ಅದು ನಿಂತಾಗ ದಾರಕ್ಕೂ ಗೋಡೆಗೂ ಎಷ್ಟು ಅಂತರವೆಂದು ಕೆಳಗಿರುವವನು ಓದಿ ಹೇಳಬೇಕು. ಕಾವಲುಗಾರ ಗೊಣಗುತ್ತ ಬಕೆಟ್ಟು ತುಂಬಿಸಿಟ್ಟು, ಬೀಗ ತೆಗೆದು, ಊಟಕ್ಕೆ ಹೊರಟುಹೋದ. ಹುಡುಗರು ಬ್ಯಾಗುಗಳನ್ನು ಕಟ್ಟೆಯ ಮೇಲೆ ಗುಡ್ಡೆ ಹಾಕಿದರು. ಅಭ್ಯಾಸಬಲದಿಂದ ಅವನ ಕಾಲು ಆ ಗುಡ್ಡೆಯ ಕಡೆಗೇ ಹೊರಟಿತು. ಬೈದು ತಿರುಗಿಸಿ ಬಾಗಿಲೊಳಗೆ ನುಗ್ಗಿದ. ಅವನ ಬೆನ್ನಿಗೇ ಮಗಳು, ಅವಳ ಹಿಂದೆ ಉಳಿದವರು.

ಒಳಗೆ ಸುತ್ತು ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರಷ್ಟೇ ಹೋಗುವಷ್ಟು ಕಿರಿದು. ಮೊದಮೊದಲು ಕತ್ತಲು, ಮತ್ತು ಕತ್ತಲು ಅವನಿಗೆ ಅನುಕೂಲವಾಗಿತ್ತು. ಕಾಣದ ಎತ್ತರ ಎತ್ತರವೇ ಅಲ್ಲ ಎಂದು ಮನಸ್ಸಿನಲ್ಲೇ ಒಂದು ಹೊಸ ಸಿದ್ಧಾಂತ ಕಟ್ಟುತ್ತ, ನಡುಗಂಬವನ್ನು ತಬ್ಬಿದಂತೆ ಹಿಡಿದು ಏರಿದ. ಇಷ್ಟೇನಾ ಎನ್ನಿಸಿತು. ಇಷ್ಟಕ್ಕಾಗಿ ಅವಳು ಬೂಸಲಿನ ಮನೆಯಲ್ಲಿ ಕೆಮ್ಮಿದಳೇ? ನಾಳೆಯೇ ಎದುರಿನ ಕಟ್ಟಡಕ್ಕೆ ಹೋಗಿ ಮನೆ ನೋಡಿಬರಬೇಕು. ಸುತ್ತು ಮೆಟ್ಟಿಲು ಯಾವ ಕಡೆ ತಿರುಗಿದರೆ ಕತ್ತಿ ಹಿಡಿದವನಿಗೆ ಅನುಕೂಲ ಎಂದು ಪಾಠದಲ್ಲಿ ಹೇಳುವ ಮಾತನ್ನೇ ಗಟ್ಟಿಯಾಗಿ ಹೇಳಲೂ ತೊಡಗಿದ. ಗೋಡೆಗೆ ತಾಗಿ ಅವನ ದನಿ ದೊಡ್ಡದಾಗಿ ಕೇಳಿತು, ಕೆಳಗಿನಿಂದ ಹೂಂ ಸರ್ ಎಂದು ಬಂತು. ಇನ್ನೊಂದು ಸುತ್ತು ತಿರುಗಿದ್ದೇ ಗೋಡೆಯಲ್ಲಿ ಆಳೆತ್ತರದ ಕಿಂಡಿ ಎದುರಾಯಿತು. ಬೆಳಕು ಮುಖಕ್ಕೆ ಹೊಡೆಯಿತು. ನೋಡಬಾರದೆಂದುಕೊಂಡರೂ ಕಣ್ಣು ಹೋಯಿತು. ಕೆಳಗೆ, ತುಂಬ ಕೆಳಗೆ, ತಾವು ಬಂದ ಬಸ್ಸಿನ ನೆತ್ತಿ ಕಂಡಿತು. ಬಸ್ಸಿಗೊಂದು ನೆತ್ತಿಯಿರುತ್ತದೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಅದರ ಮೇಲೆ ಯಾರೋ ಎಸೆದ ಚಪ್ಪಲಿಯೊಂದು ಬಿದ್ದಿತ್ತು.

ಕಾಲು ನಿಂತಿತು. ನಿಲ್ಲಿಸಿದ್ದು ಅವನಲ್ಲ, ತಾನಾಗಿಯೇ ನಿಂತಿತು. ಜಾರದ ಹೊಸ ಶೂ ಮೆಟ್ಟಿಲಿಗೆ ಕಚ್ಚಿಕೊಂಡಿತು. ನಡುಗಂಬವನ್ನು ಹಿಡಿದ ಬೆರಳುಗಳನ್ನು ಬಿಡಿಸಲು ನೋಡಿದ, ಅವು ಬೇರೆಯವರ ಬೆರಳುಗಳಾಗಿದ್ದವು. ಹಿಂದಿನಿಂದ ಒಬ್ಬರಿಗೊಬ್ಬರು ತಾಗಿ ಸಾಲು ನಿಂತ ಸದ್ದು. ಏನಾಯ್ತು, ಯಾಕೆ ನಿಂತ್ರಿ, ಮುಂದೆ ಹೋಗ್ರೋ ಎಂದು ಪಿಸುಮಾತು ಕೆಳಗಿನ ಕತ್ತಲಿನಿಂದ ಏರಿಬಂತು. ಮೇಷ್ಟರು ಮೊದಲು ಹತ್ತಬೇಕೆಂಬ ಹಟ ಯಾರದು? ಕೊನೆಯಲ್ಲಿ ಬಂದಿದ್ದರೆ ಯಾರಿಗೂ ತಿಳಿಯದಂತೆ ಇಳಿದುಬಿಡಬಹುದಿತ್ತು. ಈಗ ಅವನು ಇಡೀ ಗೋಪುರಕ್ಕೆ ಬಿರಡೆ ಜಡಿದಂತೆ ನಿಂತಿದ್ದ. ಎಷ್ಟೋ ವರ್ಷದ ಹಿಂದಿನ ಒಂದು ಸಂಜೆ ಕಣ್ಣಿಗೆ ಕಟ್ಟಿತು: ಮಕ್ಕಳ ಪಾರ್ಕಿನ ಜಾರುಬಂಡೆಯ ಮೇಲೆ ಕೆಂಪು ಫ್ರಾಕಿನ ಮಗಳು ನಿಂತು ಅಪ್ಪಾ ಬಾ, ಅಪ್ಪಾ ಮೇಲೆ ಬಾ ಎಂದು ಅಳುತ್ತಿದ್ದಾಳೆ. ಜಾರುವುದಕ್ಕೆ ಭಯ, ಹಿಂದೆ ಇಳಿಯುವುದಕ್ಕೂ ಭಯ. ಅವನು ಕೆಳಗೆ ತೋಳು ಚಾಚಿ, ಜಾರು ಪುಟ್ಟಿ, ನಾನು ಹಿಡ್ಕೋತೀನಿ, ನಾನಿದೀನಲ್ಲ ಎಂದು ಹೇಳುತ್ತಲೇ ಇದ್ದಾನೆ. ಏಣಿ ಒಂದು ಆಳಿಗಿಂತ ಸ್ವಲ್ಪ ಹೆಚ್ಚು ಎತ್ತರ, ಅಷ್ಟೆ. ಕೊನೆಗೆ ಐಸ್‌ಕ್ರೀಮ್ ಮಾರುವವನು ತನ್ನ ಗಾಡಿ ಬಿಟ್ಟು ಬಂದು, ದಡದಡ ಹತ್ತಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿಸಿದ. "ಮಂಡಿ ನೋವಾ ಸಾರ್?" ಎಂದು ಅವನೇ ಕೇಳಿದ್ದ. ಹೌದೆಂದ. ಮಂಡಿನೋವು ಹುಟ್ಟಿದ್ದು ಅಲ್ಲಿ.

"ಸರ್." ಬೆನ್ನಿನ ಹತ್ತಿರ ಮಗಳ ದನಿ, ತಗ್ಗಿದ್ದು. "ಬಲಗಡೆ ಕಿಂಡಿ ಒಳಗೆ ಜಾಗ ಇದೆ. ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಹೊರಗೆ ನೋಡ್ಬೇಡಿ."

ಅವನು ಅಂಗುಲ ಅಂಗುಲ ಸರಿದು ಕಿಂಡಿಯ ಒಳಬದಿಯ ಗೋಡೆಗೆ ಅಂಟಿಕೊಂಡ. ಅವಳು ಹಿಂದಕ್ಕೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಎಲ್ಲರೂ ಮೇಲೆ ಹೋದ್ರೆ ಕೆಳಗೆ ಗುಂಡು ಯಾರ್ರೋ ಓದ್ತಾರೆ? ನಾವೆಲ್ಲ ಮರೆತೇಬಿಟ್ಟಿದ್ವಿ. ಸರ್‌ಗೆ ಈಗ ನೆನಪಾಯ್ತು, ಅದಕ್ಕೇ ನಿಂತ್ರು. ಅವರು ಕೆಳಗೆ ಹೋಗ್ತಾರೆ. ನೀವೆಲ್ಲ ಪಕ್ಕದಲ್ಲಿ ತೂರ್ಕೊಂಡು ಹೋಗಿ." ಆಮೇಲೆ ದನಿ ಸ್ವಲ್ಪ ಬದಲಿಸಿ, "ಸರ್, ಇಳಿಯುವಾಗ ಮಂಡಿಗೆ ಹಾಕ್ಕೊಳ್ಳಿ" ಎಂದು ಜಾಕೆಟ್ಟಿನ ಜೇಬಿನಿಂದ ಕಂದು ಪಟ್ಟಿ ತೆಗೆದು ಅವನ ಕೈಯಲ್ಲಿಟ್ಟಳು.

ಸಿಟ್ಟು ಉಕ್ಕಿಬಂತು. ಕೃತಜ್ಞತೆ ಬರಬೇಕಾದ ಜಾಗದಲ್ಲಿ ಬರೀ ಸಿಟ್ಟು. ಬೆಳಿಗ್ಗೆಯೇ ಕಾಲುಚೀಲಗಳ ಕೆಳಗಿನಿಂದ ಹುಡುಕಿ ತಂದಿದ್ದಾಳೆ. ಅಪ್ಪ ಹತ್ತಲಾರನೆಂದು ಅವನಿಗಿಂತ ಮೊದಲೇ ತೀರ್ಮಾನಿಸಿ, ಅವನ ಸುಳ್ಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದಾಳೆ. ಅದಕ್ಕಿಂತ ಹೆಚ್ಚಾಗಿ ಅವಳು ಆ ಮಾತು ಆಡಿದ ಬಗೆ. ತಡವರಿಕೆಯಿಲ್ಲ, ನಿಜವಾದ ಕಾರಣದೊಳಗೆ ಸುಳ್ಳನ್ನು ಸೇರಿಸಿ ಹೊಲಿದು, ಕೇಳುವವನಿಗೆ ಹೊಲಿಗೆ ಕಾಣದ ಹಾಗೆ. ಇದನ್ನು ಅವಳು ಎಲ್ಲಿ ಕಲಿತಳೆಂದು ಕೇಳುವ ಅಗತ್ಯವಿರಲಿಲ್ಲ. ಗೋಪುರದ ಪಾಠ ಅವಳಿಗೆ ಎಷ್ಟು ಹತ್ತಿತೋ ಏನೋ, ಇದು ಮಾತ್ರ ಚೆನ್ನಾಗಿ ಹತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ ಅವನ ಬೆನ್ನಿಗೆ ಮೈ ಉಜ್ಜಿಕೊಂಡು, ಸಾರಿ ಸರ್, ಸಾರಿ ಸರ್ ಎನ್ನುತ್ತ ಮೇಲೆ ಹೋದರು. ಅವನು ಇಟ್ಟಿಗೆಗೆ ಹಣೆಯಿಟ್ಟು, ಶಿಕ್ಷೆಗೆ ನಿಲ್ಲಿಸಿದವನ ಹಾಗೆ ನಿಂತಿದ್ದ. ಒಬ್ಬಳ ಪೆನ್ಸಿಲ್ ಪೆಟ್ಟಿಗೆ ಅವನ ಸೊಂಟಕ್ಕೆ ತಿವಿಯಿತು. ಕೊಕ್ಕರೆ ಹೋಗುವಾಗ ಮಾತ್ರ ಅವನ ಭುಜವನ್ನು ಒಮ್ಮೆ ಮೃದುವಾಗಿ ಹಿಡಿದು ಬಿಟ್ಟ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಎಲ್ಲರೂ ದಾಟಿದ ಮೇಲೆ ಮಗಳು ಇನ್ನೂ ನಿಂತಿದ್ದಳು. "ಇಳೀತೀರಾ?"

"ನಿಂಗೆ ಯಾರು ತರೋಕೆ ಹೇಳಿದ್ರು ಇದನ್ನ?"

"ಯಾರೂ ಹೇಳ್ಲಿಲ್ಲ."

"ಹೋಗು ಮೇಲೆ."

ಅವಳು ಮೆಟ್ಟಿಲು ಹತ್ತಿ ಹೋದಳು. ಅವನು ಇಳಿದದ್ದು ನಡೆದುಕೊಂಡಲ್ಲ. ಕಣ್ಣು ಮುಚ್ಚಿ, ಕುಂಡಿಯ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜರುಗುತ್ತ, ನಡೆಯಲು ಕಲಿಯದ ಕೂಸಿನ ಹಾಗೆ. ನೋಡುವವರಿಲ್ಲ ಎಂಬುದೊಂದೇ ಸಮಾಧಾನ. ನಡುವೆ ಮುರಿದ ಮೆಟ್ಟಿಲೊಂದರ ಚೂಪಿಗೆ ಮಂಡಿ ಬಲವಾಗಿ ತಗುಲಿತು. ಬಾಗಿಲು ದಾಟಿ ಅಂಗಳದ ಬಿಸಿಲಿಗೆ ಬಂದು ನೋಡಿಕೊಂಡಾಗ ಪ್ಯಾಂಟು ಹರಿದು, ರಕ್ತ ಜಿನುಗುತ್ತಿತ್ತು. ಎಡಮಂಡಿ. ಇಷ್ಟು ವರ್ಷ ನಾಟಕವಾಡಿದ ಮಂಡಿಗೆ ಏನೂ ಆಗದೆ, ಪಾಪದ ಇನ್ನೊಂದಕ್ಕೆ ಪೆಟ್ಟು ಬಿದ್ದಿತ್ತು. ನಗು ಬಂತು, ನಗು ಅರ್ಧಕ್ಕೇ ನಿಂತು ಬೇರೇನೋ ಆಗುವುದರಲ್ಲಿತ್ತು, ಕೆಮ್ಮಿ ತಡೆದುಕೊಂಡ. ಬ್ಯಾಗುಗಳ ಗುಡ್ಡೆ ಅಲ್ಲೇ ಇತ್ತು. ಅದರ ಪಕ್ಕ ಕೂತ.

"ಸರ್, ಬಿಡ್ತಿದೀವಿ." ಮೇಲಿನಿಂದ ಕೂಗು. ಕತ್ತೆತ್ತಿದ. ಅಂಚಿನ ಗೋಡೆಯ ಮೇಲಿಂದ ಮರದ ಪಟ್ಟಿ ಚಾಚಿತ್ತು, ಅದನ್ನು ಹಿಡಿದು ಬಗ್ಗಿದ್ದವಳು ಮಗಳೇ. ಅವಳ ಅಕ್ಕಪಕ್ಕ ತಲೆಗಳು ಸಾಲಾಗಿ ಇಣುಕುತ್ತಿದ್ದವು. ಅಷ್ಟೆತ್ತರದಲ್ಲಿ, ಆಕಾಶಕ್ಕೆ ಎದುರಾಗಿ, ಅವಳ ಕೂದಲು ಗಾಳಿಗೆ ಹಾರುತ್ತಿತ್ತು. ಅವಳಿಗೆ ಭಯವಿರಲಿಲ್ಲ. ಅದೊಂದನ್ನು ಅವನಿಂದ ಅವಳು ಪಡೆಯಲಿಲ್ಲವಲ್ಲ ಎಂದು ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಗುಂಡು ನಿಧಾನವಾಗಿ, ಗೋಡೆಯುದ್ದಕ್ಕೆ ಹೊಳೆಯುತ್ತ ಇಳಿದುಬಂತು. ಬಕೆಟ್ಟನ್ನು ಅದರ ಕೆಳಕ್ಕೆ ಸರಿಸಿದ. ಗುಂಡು ನೀರಿನಲ್ಲಿ ಮುಳುಗಿ, ಸುತ್ತು ಹಾಕಿ, ಸುತ್ತು ಸಣ್ಣದಾಗಿ, ಕೊನೆಗೆ ನಿಂತಿತು. ಸ್ಕೇಲು ಹಿಡಿದು ಬಗ್ಗಿದ. ಆದರೆ ಸ್ಕೇಲಿನ ಗೆರೆಗಳು ದಾರದ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿದ್ದವು. ಎರಡು ಕೈಯಲ್ಲಿ ಹಿಡಿದ. ಗೋಡೆಗೆ ಒತ್ತಿ ಹಿಡಿದ. ಆಗಲಿಲ್ಲ.

"ಸರ್, ನಿಂತಿತಾ ಗುಂಡು?" ಮಗಳು ಕೂಗಿದಳು.

"ಇರು."

"ಗಾಳಿ ಇದೆಯಾ ಸರ್ ಕೆಳಗೆ?"

ಹೂಂ ಎಂದರೆ ಆಗಿಹೋಗುತ್ತಿತ್ತು. ಅವಳು ಕೇಳಿದ್ದೂ ಅವನು ಹೂಂ ಎನ್ನಲೆಂದೇ. ಕೈಯಳತೆಯಲ್ಲೇ ಇನ್ನೊಂದು ಸುಳ್ಳನ್ನು, ಅಚ್ಚುಕಟ್ಟಾಗಿ ಮಡಚಿ, ಅಷ್ಟೆತ್ತರದಿಂದ ಅವನಿಗೆ ಇಳಿಬಿಟ್ಟಿದ್ದಳು. ಅವನಿಗೆ ಸಾಕಾಗಿಹೋಯಿತು. ಬೂಸಲು ಸಾಕಾಯಿತು, ಮುಲಾಮು ಸಾಕಾಯಿತು, ಇವಳು ತನ್ನನ್ನು ಹೀಗೆ ಕಾಯುವುದು ಎಲ್ಲಕ್ಕಿಂತ ಸಾಕಾಯಿತು. ಸ್ಕೇಲನ್ನು ಕೆಳಗಿಟ್ಟು ನೆಟ್ಟಗೆ ನಿಂತು, ಕತ್ತೆತ್ತಿ, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ: "ಗಾಳಿ ಇಲ್ಲ. ಗುಂಡು ಆಗಲೇ ನಿಂತಿದೆ. ನನ್ನ ಕೈ ನಡುಗ್ತಿದೆ. ನಂಗೆ ಹತ್ತೋಕೆ ಭಯ ಪುಟ್ಟಿ. ಮಂಡಿಗೇನೂ ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ. ಭಯ, ಅಷ್ಟೆ."

ಮೇಲೆ ತಲೆಗಳ ಸಾಲು ಕದಲಲಿಲ್ಲ. ಅವನು ಕಾದ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದ ಮೇಲೆ ಏನಾದರೂ ಆಗಲೇಬೇಕು. ನಗಬೇಕು, ಇಲ್ಲವೇ ಯಾರಾದರೂ ಛೆ ಎನ್ನಬೇಕು.

"ಗೊತ್ತು ಸರ್," ಕೊಕ್ಕರೆಯ ದನಿ ತೇಲಿಬಂತು. "ಎಲ್ಲರಿಗೂ ಗೊತ್ತು. ಸೀನಿಯರ್ಸ್ ಮೊದಲನೇ ವರ್ಷವೇ ಹೇಳಿರ್ತಾರೆ. ಅಳತೆ ಹೇಳಿ ಸರ್, ಇಲ್ಲಿ ಬಿಸಿಲು ಜಾಸ್ತಿ ಇದೆ."

ಎಲ್ಲರಿಗೂ ಗೊತ್ತು. ಎಡಮಂಡಿಗೆ ಪಟ್ಟಿ ಹಾಕಿ ಬಲಗಾಲು ಕುಂಟಿದ್ದೂ ಗೊತ್ತಿರಬೇಕು. ವರ್ಷದಿಂದ ವರ್ಷಕ್ಕೆ ಒಂದು ತಂಡ ಇನ್ನೊಂದು ತಂಡಕ್ಕೆ ದಾಟಿಸುತ್ತ, ಮೇಷ್ಟರಿಗೆ ಮಾತ್ರ ತಿಳಿಯದ ಹಾಗೆ ನೋಡಿಕೊಂಡಿದ್ದಾರೆ. ಹಾಗಾದರೆ ಗೊತ್ತಿಲ್ಲದೆ ಉಳಿದವಳು ಒಬ್ಬಳೇ, ಬಟ್ಟೆ ಹಿಡಿದು ಗೋಡೆ ಒರೆಸುವವಳು. ಇಲ್ಲಿ ಕೂಗಿ ಹೇಳಿದ್ದನ್ನು ಇವತ್ತು ಸಂಜೆ ಅಲ್ಲಿ ಮೆಲ್ಲಗೆ ಹೇಳಬೇಕು, ಮತ್ತು ಅವಳು ಗೊತ್ತು ಎನ್ನುವುದಿಲ್ಲ. ಅವನು ಮಂಡಿಯೂರಿ ಬಕೆಟ್ಟಿನ ಮುಂದೆ ಕೂತ. ಗಾಯವಾದ ಮಂಡಿ ನೆಲಕ್ಕೆ ತಾಗಿ ಉರಿಯಿತು. ಸ್ಕೇಲು ಎತ್ತಿಕೊಂಡು ನೋಡಿದರೆ, ನಿಂತಿದ್ದ ಗುಂಡು ನೀರಿನೊಳಗೆ ಮತ್ತೆ ಅಲುಗುತ್ತಿತ್ತು. ಸಣ್ಣ ಸಣ್ಣ ಅಲೆಗಳೆದ್ದು ಬಕೆಟ್ಟಿನ ಅಂಚಿಗೆ ತಾಗುತ್ತಿದ್ದವು. ಗಾಳಿಯಿರಲಿಲ್ಲ. ಅವನು ದಾರದುದ್ದಕ್ಕೂ ಕಣ್ಣು ಹರಿಸಿ ಮೇಲೆ ನೋಡಿದ. ಅಲ್ಲಿ ಅದನ್ನು ಹಿಡಿದವಳ ಮುಖ ಇಷ್ಟು ದೂರಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ.

"ಕೈ ಗಟ್ಟಿಯಾಗಿ ಹಿಡಿ ಪುಟ್ಟಿ," ಎಂದು ಗದರಿದ. "ಅಲ್ಲಾಡ್ತಿದೆ."

"ಹೂಂ ಅಪ್ಪ," ಎಂದಿತು ಮೇಲಿನ ದನಿ. "ಸ್ವಲ್ಪ ತಡಿ."

ಅವನು ನೀರನ್ನೇ ನೋಡುತ್ತ ಕಾದ.